ಗುಬ್ಬಿ ಕಚ್ಚದ ಹಣ್ಣು

ಹಾವು ಹಣ್ಣು ಕೊಟ್ಟಿತು. ಹವ್ವಳ ಪಾತ್ರ ಮಾಡುತ್ತಿದ್ದ ಗುಬ್ಬಿ ಅದನ್ನು ಕೈಗೆ ತೆಗೆದುಕೊಂಡಳು, ಒಮ್ಮೆ ತಿರುಗಿಸಿ ನೋಡಿದಳು, ಮತ್ತೆ ಹಾವಿನ ಕೈಗೇ ತುರುಕಿ, "ನಂಗೆ ಬೇಡ, ಹೋಗು" ಎಂದಳು.

ಚರ್ಚಿನ ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಹಸಿರು ಬಟ್ಟೆಯೊಳಗೆ ಬೆವರುತ್ತಿದ್ದ ಹಾವಿನ ವೇಷದ ಹುಡುಗಿ ಕಕ್ಕಾಬಿಕ್ಕಿಯಾಗಿ ಹಣ್ಣನ್ನು ಮತ್ತೆ ಚಾಚಿದಳು. ಜಪ್ಪಯ್ಯ ಅಂದರೂ ಗುಬ್ಬಿ ಮುಟ್ಟಲಿಲ್ಲ. ಪರದೆಯ ಮರೆಯಲ್ಲಿ ನಿಂತು ಮಾತು ನೆನಪಿಸುತ್ತಿದ್ದ ಸಂಡೇಸ್ಕೂಲ್ ಟೀಚರ್, "ತಿನ್ನು ಕಂದಾ, ಒಂದೇ ಒಂದು ಸಲ ಕಚ್ಚು ಸಾಕು" ಎಂದು ಪಿಸುಗುಟ್ಟಿದರು. ಆಮೇಲೆ ಗದರಿದರು. ಕೊನೆಗೆ ಕೈಯನ್ನೂ ಮುಗಿದರು. ಪಾಪ ಮಾಡಮ್ಮಾ ಅಂತ ಒಂದು ಮಗುವಿನ ಮುಂದೆ ಇಷ್ಟೊಂದು ಗೋಗರೆದ ಟೀಚರನ್ನು ಆ ಚರ್ಚು ಹಿಂದೆಂದೂ ಕಂಡಿರಲಿಲ್ಲ.

"ತಿಂದ್ರೆ ಎಲ್ಲರೂ ಸಾಯ್ತಾರೆ" ಎಂದಳು ಗುಬ್ಬಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ. "ನೀವೇ ಹೇಳಿದ್ರಲ್ಲ ಟೀಚರ್, ಹವ್ವ ತಿಂದಿದ್ದಕ್ಕೇ ಪಾಪ ಬಂತು, ಪಾಪದ ಹಿಂದೇನೇ ಸಾವು ಬಂತು ಅಂತ. ಅದಕ್ಕೇ ನಾನು ತಿನ್ನಲ್ಲ. ತಿನ್ನದಿದ್ರೆ ನಮ್ಮಮ್ಮ ಸಾಯಲ್ಲ."

ನಗು ನಿಂತುಹೋಯಿತು.

ಪರದೆಯ ಹಗ್ಗ ಹಿಡಿದಿದ್ದವನು ಗುಬ್ಬಿಯ ಅಪ್ಪ. ಸೋಫಾ ಹೊಲಿಯುವುದು ಅವನ ಕಸುಬು. ಆ ಪರದೆ, ಆ ಹಾವು ಎಲ್ಲವೂ ಅವನ ಅಂಗಡಿಯಲ್ಲಿ ಮಿಕ್ಕ ಬಟ್ಟೆಯಲ್ಲೇ ಹುಟ್ಟಿದ್ದವು. ಹೆಂಡತಿಯನ್ನು ಮಣ್ಣು ಮಾಡಿದ ದಿನದಿಂದ ಅವನು ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ; ಇವತ್ತು ಬಂದದ್ದೂ ಪರದೆ ಎಳೆಯಲಷ್ಟೇ. ಭಾನುವಾರ ಮಗಳನ್ನು ಗೇಟಿನ ತನಕ ಬಿಟ್ಟು ಹೊರಗೆ ಸ್ಕೂಟರಿನ ಮೇಲೆ ಕೂತಿರುತ್ತಿದ್ದ. ಅಮ್ಮ ಮತ್ತೆ ಬರ್ತಾಳಾ ಎಂದು ಅವಳು ಕೇಳಿದಾಗಲೆಲ್ಲ ಏನೇನೋ ಹೇಳಿ ಮಾತು ಹಾರಿಸುತ್ತಿದ್ದ. ಈಗ ಹಗ್ಗ ಬಿಟ್ಟು ರಂಗದ ಮೇಲೆ ಹೋಗಿ ಮಗಳ ಎದುರು ಮಂಡಿಯೂರಿದ.

ಇದು ಬರೀ ನಾಟಕ ಕಣೇ ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮಾತು ನುಂಗಿಕೊಂಡ.

"ನೀನು ತಿನ್ನದೇ ಹೋದ್ರೂ ತಿಂದಾಗಿದೆ ಮಗಳೇ" ಎಂದ ಮೆಲ್ಲಗೆ. "ಆ ಆದಾಮ, ಹವ್ವ ಇಬ್ಬರೂ ತಿಂದ್ರು. ಆಮೇಲೆ ನಾನೂ ತಿಂದೆ."

"ನೀನಾ? ಯಾವಾಗಪ್ಪಾ?"

"ಆಸ್ಪತ್ರೇಲಿ ಅಮ್ಮ, ಇನ್ನೊಂಚೂರು ಹೊತ್ತು ಕೂತ್ಕೊಳ್ರೀ ಅಂದ್ಳು. ಕೆಲಸ ಇದೆ ಅಂತ ಸುಳ್ಳು ಹೇಳಿ ಎದ್ದು ಬಂದೆ. ನನಗೆ ನೋಡೋಕಾಗ್ತಿರಲಿಲ್ಲ." ಅವನು ಹಾವಿನ ಕೈಯಲ್ಲಿದ್ದ ಹಣ್ಣಿನ ಕಡೆ ನೋಡಿದ. "ಅದೂ ತಿಂದ ಹಾಗೇ."

"ಅಮ್ಮಾನೂ ತಿಂದಿದ್ಳಾ?"

"ಅವಳೂ ಅಷ್ಟಿಷ್ಟು ತಿಂದಿರ್ತಾಳೆ. ಯಾರು ಬಿಟ್ಟಿದ್ದಾರೆ? ನಮ್ಮ ಕೈಲಿ ಸರಿಮಾಡ್ಕೊಳ್ಳೋಕೆ ಆಗಲ್ಲ ಅಂತಾನೇ ದೇವರ ಮಗ ಬಂದಿದ್ದು. ನೀನು ನಾಟಕಾನ ಇಲ್ಲೇ ನಿಲ್ಲಿಸಿಬಿಟ್ರೆ ಅವನು ಬರೋದು ಹೇಗೆ? ಕೊನೇ ದೃಶ್ಯದಲ್ಲಿ ಸಮಾಧಿಯಿಂದ ಎದ್ದು ಬರೋದು ಹೇಗೆ?"

ಗುಬ್ಬಿ ಕಣ್ಣು ಕಿರಿದು ಮಾಡಿ ಯೋಚಿಸಿದಳು. ಅಪ್ಪನ ಅಂಗಿಯ ಗುಂಡಿ ಹಿಡಿದು ತಿರುವುತ್ತಾ, ತೀರಾ ಸಣ್ಣ ದನಿಯಲ್ಲಿ ಕೇಳಿದಳು:

"ಅವನು ಎದ್ದು ಬಂದ್ಮೇಲೆ ಅಮ್ಮನ್ನೂ ಎಬ್ಬಿಸ್ತಾನಾ?"

ಇಷ್ಟು ದಿನ ತಪ್ಪಿಸಿಕೊಂಡು ಬಂದಿದ್ದ ಪ್ರಶ್ನೆ ತುಂಬಿದ ಸಭೆಯಲ್ಲಿ ಅವನ ಅಂಗಿ ಹಿಡಿದು ನಿಂತಿತ್ತು. ಟೀಚರ್ ಕಡೆ ನೋಡಿದ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು, ಮಾತು ನೆನಪಿಸುವ ಸ್ಥಿತಿಯಲ್ಲಿರಲಿಲ್ಲ.

"ಎಬ್ಬಿಸ್ತಾನೆ" ಎಂದ. ಮಗಳನ್ನು ಸಮಾಧಾನ ಮಾಡಲೆಂದು ಹೊರಟ ಮಾತು ಅದು. ಹೇಳಿ ಮುಗಿಸುವಷ್ಟರಲ್ಲಿ, ತಾನು ಅದನ್ನು ನಂಬಿದ್ದೇನೆ ಎಂದು ಅವನಿಗೇ ಗೊತ್ತಾಯಿತು. ಹೆಂಡತಿ ಹೋದ ಮೇಲೆ ಮೊದಲ ಸಲ ಅವನಿಗೆ ಅಳು ಬಂತು, ಆದರೆ ಅದು ನೋವಿನ ಅಳುವಾಗಿರಲಿಲ್ಲ.

ಗುಬ್ಬಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಹಾವಿನ ಕೈಯಿಂದ ಹಣ್ಣು ಕಸಿದುಕೊಂಡು ಒಮ್ಮೆ ಕಚ್ಚಿದಳು. ಆಮೇಲೆ ಅದನ್ನು ಆದಾಮನಿಗೆ ಕೊಡಬೇಕಿತ್ತು. ಆದಾಮನ ಪಾತ್ರದ ಹುಡುಗ ಆಗಲೇ ಬೇಜಾರಾಗಿ ಮರದ ಹಿಂದೆ ಕೂತುಬಿಟ್ಟಿದ್ದ. ಅವಳು ಅಪ್ಪನ ಬಾಯಿಗೇ ಹಿಡಿದಳು. ಅವನೂ ಕಚ್ಚಿದ.

ಗುಬ್ಬಿ ಬಾಯ್ತುಂಬ ಹಣ್ಣು ಇಟ್ಟುಕೊಂಡೇ ಪರದೆಯ ಕಡೆ ತಿರುಗಿ ಕೂಗಿದಳು:

"ಟೀಚರ್, ಮಧ್ಯದ್ದೆಲ್ಲಾ ಬೇಗ ಬೇಗ ಮುಗಿಸಿಬಿಡಿ!"