ಅಜ್ಜನ ಉರ್ದು ಹಾಳೆಗಳು

ಹಳೆಯ ಕಾಗದ ಸುಟ್ಟ ವಾಸನೆ ಎಲ್ಲಿ ಬಂದರೂ ಈಗಲೂ ನನಗೆ ಯಲಬುರ್ಗಾದ ನಮ್ಮ ಬಚ್ಚಲ ಒಲೆ ನೆನಪಾಗುತ್ತದೆ.

ಕೊಪ್ಪಳ ಜಿಲ್ಲೆಯಾದ ವರ್ಷದ ಮಳೆಗಾಲ. ಮಧ್ಯಾಹ್ನ ನೀರು ಕಾಯಿಸಲು ಅವ್ವ ನನ್ನನ್ನು ಕೂರಿಸಿದ್ದಳು. ಹತ್ತಿಕಟ್ಟಿಗೆ ನೆನೆದು ಬರೀ ಹೊಗೆಯಾಡುತ್ತಿತ್ತು. ಸೀಮೆಎಣ್ಣೆ ತೀರಿ ವಾರವಾಗಿತ್ತು. ಊದಿ ಊದಿ ಕಣ್ಣುರಿದು, ರೇಗಿ, ಗೋಡೆಯ ಗೂಡಿನಲ್ಲಿದ್ದ ಕಾಗದದ ಗಂಟನ್ನು ಎಳೆದು ತಂದೆ. ಎಲ್ಲ ಉರ್ದು. ನಿಜಾಮನ ಕಾಲದಲ್ಲಿ ಕಲಿತ ಅಜ್ಜನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಅದು ಓದಲು ಬರುತ್ತಿರಲಿಲ್ಲ. ದಪ್ಪನೆಯ ಹಳದಿ ಹಾಳೆಗಳು ಭಗ್ಗನೆ ಹತ್ತಿಕೊಂಡವು.

ಅಜ್ಜ ಬಂದು ನಿಂತ. “ಏನ್ ಸುಡಾಕತ್ತೀಯವ್ವಾ?”

“ರದ್ದಿ, ಅಜ್ಜಾ. ಏನಿತ್ತು ಅದರಾಗ?”

“ನಮ್ಮೂರಿತ್ತು. ಯಾವ ಬಾವಿ ಯಾರು ತೋಡಿಸಿದ್ರು, ರಜಾಕಾರರ ಗದ್ದಲದಾಗ ಯಾರ್ಯಾರು ಊರು ಬಿಟ್ರು, ಎಲ್ಲಾ ಬರದಿದ್ನಿ.”

ನಾನು ಉಳಿದ ಹಾಳೆಗಳನ್ನು ಒಲೆಯಿಂದ ಪಕ್ಕಕ್ಕೆ ಸರಿಸಿದೆ. ಅಜ್ಜ ಬೈಯಲಿಲ್ಲ. “ಇರ್ಲಿ ಬಿಡು. ಓದವ್ರು ಯಾರದಾರ?” ಎಂದು ಹೊರಟುಹೋದ.

ಮರುದಿನ ಒಲೆಯ ಪಕ್ಕದಲ್ಲಿ ಉಳಿದ ಹಾಳೆಗಳೆಲ್ಲ ಒಂದೊಂದಾಗಿ ಸುರುಳಿ ಸುತ್ತಿಕೊಂಡು ಕುಳಿತಿದ್ದವು.

“ನಿಮ್ಮಜ್ಜಾರು ಮುಂಜಾನಿ ಕುಂತು ಸುತ್ತಿಟ್ಟಾರ,” ಅಂದಳು ಅವ್ವ. “ನಿನಗ ಒಲಿ ಹಚ್ಚಾಕ ತ್ರಾಸಾಗಬಾರದಂತ.”

ಮಳೆ ನಿಂತಿರಲಿಲ್ಲ. ಕಟ್ಟಿಗೆ ಮತ್ತೆ ಹೊಗೆಯಾಡಿತು. ನಾನು ಅವನ್ನೂ ಹಚ್ಚಿದೆ.