ಮೂರನೆಯ ಉತ್ತರ

ಕಿವಿ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅಕ್ಕತಂಗಿಯರ ಕಡೆಗೆ ತಿರುಗಿಸಿದರು. "ನಮ್ಮ ಆಸ್ಪತ್ರೆಯಲ್ಲೇ ಹುಟ್ಟಿದ ಮಗು. ಹುಟ್ಟಿದ ವಾರ ಮಾಡೋ ಕಿವಿ ಪರೀಕ್ಷೇಲಿ 'ತೊಂದರೆ ಇಲ್ಲ' ಅಂತಿದೆ. ಆದ್ರೆ ಇವತ್ತು ನೋಡಿದ್ರೆ ಎರಡೂ ಕಿವಿ ಕೇಳಿಸ್ತಾ ಇಲ್ಲ. ಇದು ಹುಟ್ಟಿನಿಂದಲೇ ಇರೋ ಹಾಗಿದೆ."

"ಆವತ್ತು ಪರೀಕ್ಷೆ ಮಾಡ್ಲೇ ಇಲ್ವಲ್ಲ ಡಾಕ್ಟ್ರೇ," ಎಂದಳು ಅಕ್ಕ. ಎರಡು ವರ್ಷ ದಾಟಿದ ಮಗಳು ಅವಳ ತೊಡೆಯ ಮೇಲೆ ಕೂತು ಸೆರಗಿನ ಅಂಚು ಜಗಿಯುತ್ತಿದ್ದಳು. "ಮಷಿನ್ ಕೆಟ್ಟಿದೆ, ಆಮೇಲೆ ಕರೀತೀವಿ ಅಂದ್ರು. ಕರೀಲಿಲ್ಲ ಅಂತ ನಾನೇ ಫೋನ್ ಮಾಡಿ ಕೇಳ್ದೆ. ಕಂಪ್ಯೂಟರ್ ನೋಡಿ, ಎಲ್ಲ ಸರಿ ಇದೆ ಅಂದ್ರು. ನಾನು ನಿದ್ದೆಯಲ್ಲಿದ್ದಾಗ ಯಾರಾದ್ರೂ ಬಂದು ಮಾಡಿರಬೇಕು ಅಂದ್ಕೊಂಡೆ."

ಹಿಂದೆ ನಿಂತಿದ್ದ ತಂಗಿ ಪರದೆಯ ಕಡೆಗೆ ಬಗ್ಗಿದಳು. ಆ ಪರದೆ ಅವಳಿಗೆ ಹೊಸದಲ್ಲ. ಈ ಆಸ್ಪತ್ರೆಯ ಡೇಟಾಬೇಸಿನ ನಕ್ಷೆ ಹಾಕಿದವಳೇ ಅವಳು. ಕಿವಿ ಪರೀಕ್ಷೆಯ ಕಾಲಮ್ಮಿಗೆ ಅವಳು ಎರಡೇ ಉತ್ತರ ಇಟ್ಟಿದ್ದಳು: ತೊಂದರೆ ಇದೆ, ತೊಂದರೆ ಇಲ್ಲ. ಏನೂ ತುಂಬದೆ ಬಿಟ್ಟರೆ 'ತೊಂದರೆ ಇಲ್ಲ' ಎಂದು ತಾನಾಗಿಯೇ ಕೂರುವಂತೆ ಮಾಡಿದ್ದಳು. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಿಗೆ ತೊಂದರೆ ಇರುವುದಿಲ್ಲ, ನರ್ಸುಗಳಿಗೆ ಸುಮ್ಮನೆ ಯಾಕೆ ಕೈನೋವು ಎಂದು. ಪರೀಕ್ಷೆಯೇ ಆಗದ ಮಗುವನ್ನು ಎಲ್ಲಿ ಕೂರಿಸುವುದು ಎಂಬ ಯೋಚನೆ ಒಮ್ಮೆ ಸುಳಿದಿತ್ತು. ಆಮೇಲೆ ನೋಡಿಕೊಂಡರಾಯಿತು ಎಂದು ಮುಂದಿನ ಕಾಲಮ್ಮಿಗೆ ಹೋಗಿಬಿಟ್ಟಿದ್ದಳು. ಎಷ್ಟು ಸರಳವಾಗಿದೆ ಎಂದು ಆಗ ಎಲ್ಲರೂ ಹೊಗಳಿದ್ದರು.

"ಮೊದಲ ಆರು ತಿಂಗಳಲ್ಲಿ ಗೊತ್ತಾಗಿದ್ರೆ ಮಾತು ಸಲೀಸಾಗಿ ಬರ್ತಿತ್ತು," ಎಂದರು ಡಾಕ್ಟರು. "ಈಗಲೂ ಬರಲ್ಲ ಅಂತಲ್ಲ. ತುಂಬಾ ಹೆಣಗಬೇಕು."

ಹೊರಗಿನ ಬೆಂಚಿನ ಮೇಲೆ ಕೂತು ತಂಗಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಅಕ್ಕ ಬೈದಾಳು, ಅತ್ತಾಳು ಎಂದುಕೊಂಡಿದ್ದಳು. ಅಕ್ಕ ಎರಡನ್ನೂ ಮಾಡಲಿಲ್ಲ. ಮಗುವಿನ ಟೋಪಿಯ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು.

"ಈ ಕಂಪ್ಯೂಟರ್ ವ್ಯವಸ್ಥೆ ನಮ್ಮ ತಂಗಿ ಮಾಡಿದ್ದು ಅಂತ ಹೆರಿಗೆ ವಾರ್ಡಲ್ಲಿ ಎಲ್ಲರ ಹತ್ರ ಹೇಳ್ಕೊಂಡಿದ್ದೆ ಕಣೆ," ಎಂದಳು ಕೊನೆಗೆ.

ಆ ಮಧ್ಯಾಹ್ನವೇ ತಂಗಿ ದಾಖಲೆ ವಿಭಾಗದ ಮುಖ್ಯಸ್ಥರ ಮುಂದೆ ನಿಂತಳು. ವಿಷಯ ಕೇಳಿ ಅವರು ಎದ್ದು ನಿಂತರು.

"ಸರಿ, ಪರೀಕ್ಷೆ ಆಗದೇ ಇರೋ ಮಕ್ಕಳನ್ನೆಲ್ಲ ಹುಡುಕಿ ತೆಗಿಯಮ್ಮ. ಕರೆಸೋಣ."

"ತೆಗಿಯೋಕೆ ಆಗಲ್ಲ ಸಾರ್. ಆದವರೂ ಆಗದವರೂ ಒಂದೇ ಥರ ಕೂತಿದ್ದಾರೆ. ಯಾರು ಯಾರು ಅಂತ ನನಗೂ ಗೊತ್ತಾಗಲ್ಲ."

"ಮೂರನೇದೊಂದು ಉತ್ತರ ಸೇರಿಸಿದ್ರೆ?"

"ಇನ್ನು ಮುಂದೆ ಹುಟ್ಟೋರಿಗೆ ಆಗುತ್ತೆ."

ಅದನ್ನು ಸೇರಿಸಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. 'ಪರೀಕ್ಷೆ ಆಗಿಲ್ಲ.' ಅಷ್ಟೇ. ಆಮೇಲೆ ತಂಗಿ ಫೋನು ಹತ್ತಿರಕ್ಕೆ ಎಳೆದುಕೊಂಡಳು. ಉಳಿದದ್ದು ಒಂದೇ ದಾರಿ: ಇಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೂ ಕರೆ ಮಾಡುವುದು. ಬೇರೆಯವರಿಗೆ ಒಪ್ಪಿಸು ಎಂದು ಮುಖ್ಯಸ್ಥರು ಹೇಳಿದರು. ಮೊದಲಿನ ಕೆಲವನ್ನಾದರೂ ತಾನೇ ಮಾಡುತ್ತೇನೆ ಎಂದಳು.

ಮೊದಲ ನಂಬರು ಯಾರೂ ಎತ್ತಲಿಲ್ಲ. ಎರಡನೆಯದನ್ನು ಒಬ್ಬ ತಾಯಿ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು, ಎಲ್ಲೋ ನಲ್ಲಿ ಸುರಿಯುತ್ತಿತ್ತು.

"ಆಸ್ಪತ್ರೆಯಿಂದಮ್ಮ. ಮಗು ಆ ಕಡೆ ಮುಖ ಮಾಡಿ ಆಡ್ತಿರುವಾಗ ಹಿಂದಿನಿಂದ ಕೂಗಿದ್ರೆ ತಿರುಗಿ ನೋಡ್ತಾನಾ?"

ತಾಯಿ ನಕ್ಕಳು. "ಅಯ್ಯೋ ಅವನಾ, ಮಹಾ ಹಠಮಾರಿ ಮೇಡಂ. ಗಂಟಲು ಹರಕೊಂಡ್ರೂ ತಿರುಗಲ್ಲ. ಥೇಟ್ ಅವರಪ್ಪನ ಥರ."