ಹತ್ತನೆಯ ಗೆರೆ

ನೆಲದ ಮೇಲೆ ಎಳೆದಿದ್ದ ಆರನೆಯ ಮೀಟರಿನ ಗೆರೆ ದಾಟುತ್ತಲೇ ಸುಂದರಿಯ ಎಡಗಾಲು ಮಡಚಿಕೊಂಡಿತು. ಊರುಗೋಲು ಜಾರಿ ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ಬಿದ್ದಳು. ಅವಳ ನಡಿಗೆ ಅಳೆಯುತ್ತಿದ್ದ ಫಿಸಿಯೋಥೆರಪಿಸ್ಟ್ ನವ್ಯಾ ಓಡಿಬಂದಳು. ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲಿತ್ತು.

"ಗಡಿಯಾರ ನಿಲ್ಸ್‌ಬೇಡ ಮಗಾ!" ಸುಂದರಿ ಕೂಗಿದಳು.

"ಹತ್ತ್ ಮೀಟರ್ ಆಪ್ಕ್ ಮುಂಚೆ ಬಿದ್ರೆ ಪರೀಕ್ಷೆ ಮುಗೀತ್ ಸುಂದರಕ್ಕ. ನಿಯಮ ಹಾಂಗೇ ಇತ್ತ್."

ಮೀನಿನ ಟೆಂಪೋದಿಂದ ಬಿದ್ದು ಸುಂದರಿಯ ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷವಾಗಿತ್ತು. ಕಳೆದ ಸಲವೂ ಹೀಗೆ ಬಿದ್ದಾಗ ಹಾಳೆಯಲ್ಲಿ 'ನಡೆಯಲಾರರು' ಎಂದು ಬರೆದಿದ್ದರು. ಅದನ್ನು ನೋಡಿ ಗಂಡ ರಾಮ, ಮೀನು ಮಾರುಕಟ್ಟೆಯಲ್ಲಿ ಅವಳು ಕೂರುತ್ತಿದ್ದ ಜಾಗವನ್ನು ಬೇರೆಯವಳಿಗೆ ಬಿಟ್ಟುಕೊಟ್ಟಿದ್ದ.

"ನಿಯಮ ಬರ್ದೋರ್ ಬೀಜಾಡಿ ಕಡಲ್ ಬದಿ ಹೊಯ್ಗಿ ಮೇಲೆ ನಡ್ದಿದ್ರಾ? ಅಲ್ಲಿ ಎಲ್ಲರೂ ಬೀಳ್ತ್ರ್, ಎದ್ಕಂಡ್ ಹೋತ್ರ್. ಬಿದ್ದ್ ಏಳುದೂ ನಡ್ದಾಂಗೇ ಸೈ."

ನವ್ಯಾ ಗುಂಡಿಯಿಂದ ಬೆರಳು ತೆಗೆದು ಕೈ ಚಾಚಿದಳು. ಸುಂದರಿ ಆ ಕೈಯನ್ನು ಸರಿಸಿ, ಗೋಡೆ ಹಿಡಿದು, ಹಲ್ಲುಕಚ್ಚಿ, ಮೂರನೆಯ ಪ್ರಯತ್ನಕ್ಕೆ ತಾನೇ ಎದ್ದು ನಿಂತಳು. ಒಂದೊಂದೇ ಹೆಜ್ಜೆ ಎಳೆಯುತ್ತ ಹತ್ತನೆಯ ಗೆರೆ ದಾಟಿದಳು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಹೆಜ್ಜೆಯನ್ನೂ ಇಟ್ಟಳು.

"ಈಗ ಬರಿ, ಎಷ್ಟಾಯ್ತ್ ಅಂದ್."

'ನಾಲ್ಕು ನಿಮಿಷ ಹನ್ನೊಂದು ಸೆಕೆಂಡು' ಎಂದು ನವ್ಯಾ ದೊಡ್ಡ ಅಕ್ಷರದಲ್ಲಿ ಬರೆದಳು.